ಸಂಪಾದಕರ ಉತ್ತರ: ಮೂರನೇ ದಿನ ಕೈ ಎತ್ತಿದ ತಮ್ಮ

ಶಿರಸಿಯ ಓದುಗರೊಬ್ಬರ ಪತ್ರ: ಮನೋರೋಗ ವಾರ್ಡಿಗೆ ಸೇರಿಸಿದ ಮೂರನೇ ದಿನ ಅವರ ತಮ್ಮ ಪಕ್ಕದ ಮಂಚದವರಿಗೆ ಹೊಡೆದಿದ್ದಾನೆ. ಸಿಬ್ಬಂದಿ ರಾತ್ರಿಯಿಡೀ ಕೈಕಾಲು ಕಟ್ಟಿದ್ದರು. ಮನೆಯಲ್ಲಿ ಎಂದೂ ಕೈ ಎತ್ತದವನು ಹೀಗೇಕಾದ, ಕಟ್ಟಿದ್ದು ಸರಿಯೇ ಎಂದು ಕೇಳಿದ್ದಾರೆ.

ಅಕ್ಕಾ, ಮನೋರೋಗಿಗಳಲ್ಲಿ ಬಹುಪಾಲು ಜನ ಯಾರಿಗೂ ಹೊಡೆಯುವವರಲ್ಲ. ನನ್ನ ಗಮನ ಹೋದದ್ದು ನೀವು ಬರೆದ 'ಮೂರನೇ ದಿನ'ದ ಕಡೆಗೆ. ನಿತ್ಯ ಕುಡಿಯುವವರಿಗೆ ಕುಡಿತ ಒಮ್ಮೆಲೇ ತಪ್ಪಿದರೆ ಎರಡರಿಂದ ನಾಲ್ಕನೇ ದಿನದೊಳಗೆ ಕೈನಡುಕ, ಬೆವರು, ಇಲ್ಲದ್ದು ಕಾಣುವುದು, ದಿಕ್ಕುಗೆಟ್ಟ ಗಾಬರಿ ಶುರುವಾಗಬಹುದು. ಅದು ಪ್ರಾಣಕ್ಕೇ ಅಪಾಯ. ಆಗ ಬೇಕಾದದ್ದು ಲೊರಾಝೆಪಾಮ್‌ನಂಥ ಶಮನ ಔಷಧಿ ಮತ್ತು ಥಯಾಮಿನ್ (ಬಿ1 ಜೀವಸತ್ವ). ಕುಡಿಯದವರಿಗೂ ಹೊಗೆಸೊಪ್ಪು ತಪ್ಪಿದ ಮೊದಲ ಎರಡು ಮೂರು ದಿನ ವಿಪರೀತ ಸಿಡುಕು. ನಮ್ಮ ಕಡೆ ಕವಳವನ್ನು (ಹೊಗೆಸೊಪ್ಪು ಹಾಕಿದ ಎಲೆ-ಅಡಿಕೆ) ಚಟವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಡಾಕ್ಟರು ಕೇಳಿದರೆ 'ಏನೂ ಅಭ್ಯಾಸ ಇಲ್ಲ' ಎಂದುಬಿಡುತ್ತೇವೆ. ಹೇಳಿದರೆ ನಿಕೋಟಿನ್ ಗಮ್ ಆದರೂ ಕೊಟ್ಟಾರು.

ಇನ್ನೊಂದು ಕಾರಣ ಔಷಧಿಯೇ. ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಔಷಧಿಗಳು ಕೆಲವರಲ್ಲಿ ಕೂತಲ್ಲಿ ಕೂರಲಾಗದ ತಳಮಳ ಹುಟ್ಟಿಸುತ್ತವೆ. ರೋಗ ಹೆಚ್ಚಿತೆಂದು ಅದೇ ಔಷಧಿ ಏರಿಸಿದರೆ ತಳಮಳವೂ ಏರುತ್ತದೆ. ಮೂತ್ರ ಕಟ್ಟಿರುವುದು, ಹೇಳಿಕೊಳ್ಳಲಾಗದ ನೋವು, 'ಹೊಡೆ' ಎನ್ನುವ ಕಿವಿಯೊಳಗಿನ ದನಿ ಇವನ್ನೂ ನೋಡಬೇಕು.

ಹೊಡೆತಕ್ಕೆ ಮುಂಚೆ ಸಾಮಾನ್ಯವಾಗಿ ಸೂಚನೆ ಇರುತ್ತದೆ. ನಾರ್ವೆಯಲ್ಲಿ ರೂಪುಗೊಂಡ ಬ್ರೊಸೆಟ್ ಪಟ್ಟಿಯಲ್ಲಿ ಆರು ಅಂಶಗಳಿವೆ: ಗೊಂದಲ, ಸಿಡುಕು, ಅಬ್ಬರ, ಬಾಯಿಮಾತಿನ ಬೆದರಿಕೆ, ಮೈಮೇಲೆ ಏರಿಬರುವಂಥ ಬೆದರಿಕೆ, ವಸ್ತುಗಳ ಮೇಲೆ ಸಿಟ್ಟು. ಒಂದೊಂದಕ್ಕೆ ಒಂದು ಅಂಕ. ಪ್ರತಿ ಪಾಳಿಯಲ್ಲಿ ನರ್ಸ್ ಗುರುತಿಸಿದಾಗ ಮೊತ್ತ ಎರಡು ದಾಟಿದರೆ ಮುಂದಿನ 24 ಗಂಟೆ ಎಚ್ಚರ ಬೇಕು. ಆಗ ಉಳಿದ ರೋಗಿಗಳನ್ನು ದೂರ ಕಳಿಸಿ, ಸಿಬ್ಬಂದಿಯಲ್ಲಿ ಒಬ್ಬರು ಮಾತ್ರ ಮಾತಾಡಬೇಕು. ಎರಡು ತೋಳಿನಷ್ಟು ದೂರ ನಿಂತು, ಬಾಗಿಲಿಗೆ ಅಡ್ಡವಾಗದೆ, ಚಿಕ್ಕ ಚಿಕ್ಕ ವಾಕ್ಯದಲ್ಲಿ, ಅವನ ಮನೆಮಾತಿನಲ್ಲಿ. ಕಾರವಾರದ ಕೊಂಕಣಿಯವನಿಗೆ ದೂರದ ಊರಿನ ವಾರ್ಡಿನಲ್ಲಿ ಎರಡು ಕೊಂಕಣಿ ಮಾತು ಕೇಳಿದರೂ ಸಿಟ್ಟು ಎಷ್ಟೋ ಇಳಿಯುತ್ತದೆ.

ಕಟ್ಟುವ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಮಿನಂತೆ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಉಸ್ತುವಾರಿ ಮನೋವೈದ್ಯರ ಅನುಮತಿಯಿಂದ, ಅಗತ್ಯವಿದ್ದಷ್ಟು ಹೊತ್ತು ಮಾತ್ರ ಕಟ್ಟಬಹುದು. ಶಿಕ್ಷೆಗಾಗಿ ಕೂಡದು, ಸಿಬ್ಬಂದಿ ಕಡಿಮೆ ಎಂಬ ನೆವಕ್ಕೂ ಕೂಡದು. ಕಾರಣ, ಅವಧಿ ಕಡತದಲ್ಲಿರಬೇಕು. ನಾಮನಿರ್ದೇಶಿತ ಪ್ರತಿನಿಧಿಗೆ (ರೋಗಿಯ ಪರವಾಗಿ ನಿಲ್ಲಲು ಹೆಸರಿಸಿದವರಿಗೆ) 24 ಗಂಟೆಯೊಳಗೆ ತಿಳಿಸಬೇಕು. ಸರಪಳಿಯಂತೂ ಪೂರ್ತಿ ನಿಷಿದ್ಧ. ಕಟ್ಟುವಾಗಲೂ ಬೋರಲು ಮಲಗಿಸಬಾರದು, ಎದೆ-ಕುತ್ತಿಗೆ ಒತ್ತಬಾರದು, ಉಸಿರು ನಿಂತೀತು. ಕಟ್ಟಿದ ಬಟ್ಟೆಪಟ್ಟಿಯ ಕೆಳಗೆ ಎರಡು ಬೆರಳು ತೂರುವಂತಿರಬೇಕು. ಆಗಾಗ್ಗೆ ಉಸಿರು, ಬೆರಳ ತುದಿಯ ಬಣ್ಣ ನೋಡಿ, ನೀರು ಕೊಟ್ಟು, ಮೂತ್ರಕ್ಕೆ ಅನುವು ಮಾಡಬೇಕು. ಇದೊಂದೂ ಇಲ್ಲದೆ ರಾತ್ರಿಯಿಡೀ ಕಟ್ಟಿಟ್ಟಿದ್ದರೆ ಅದು ತಪ್ಪು, ಮುಲಾಜಿಲ್ಲದೆ ಕೇಳಿ. ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದುಕೊಡಿ. ಸರಿಹೋಗದಿದ್ದರೆ ಇದೇ ಕಾಯ್ದೆಯಡಿ ದೂರು ಕೇಳುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ.

ಪೆಟ್ಟು ತಿಂದವರೂ ರೋಗಿಯೇ. ಅವರ ತಲೆಗೆ ಏನಾದರೂ ಆಗಿದೆಯೇ ಎಂದು ಸಿಬ್ಬಂದಿ ನೋಡಿದ್ದಾರೆಯೇ, ದಯವಿಟ್ಟು ವಿಚಾರಿಸಿ.

ನಾಳೆ ಹೋಗುವಾಗ ಒಂದು ಹಾಳೆ ಬರೆದು ನರ್ಸ್ ಕೈಗೆ ಕೊಡಿ: ಕುಡಿಯುತ್ತಿದ್ದನೇ, ಕೊನೆಯ ಸಲ ಯಾವಾಗ, ದಿನಕ್ಕೆಷ್ಟು ಕವಳ, ಹಿಂದೆ ಯಾವ ಔಷಧಿ ಒಗ್ಗಲಿಲ್ಲ, ಸಿಟ್ಟೇರುವ ಮುಂಚೆ ಏನು ಮಾಡುತ್ತಾನೆ, ಯಾರ ಮಾತಿಗೆ ತಣ್ಣಗಾಗುತ್ತಾನೆ. ಸಂದೇಹವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಕೇಳಬಹುದು.