ಡಾಕ್ಟರ್ ಹತ್ರ ಹೇಳಿದ್ದು ವಾರ್ಡನ್ ಕಿವಿಗೆ ಹೋಗುತ್ತಾ?

ಪ್ರಶ್ನೆ: ಮೇಡಂ, ನಾನು ಡಿಗ್ರಿ ಎರಡನೇ ವರ್ಷ, ಹಾಸ್ಟೆಲಲ್ಲಿದ್ದೀನಿ, ವಯಸ್ಸು 19. ನಾಲ್ಕೈದು ತಿಂಗಳಿಂದ ರಾತ್ರಿ ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತೆ, ಕಾರಣನೇ ಇಲ್ದೆ ಅಳು ಬರುತ್ತೆ. ಕಾಲೇಜಿನ ಹೆಲ್ತ್ ಸೆಂಟರ್‌ಗೆ ಹೋದ್ರೆ ಕೌಂಟರಲ್ಲೇ ಎಲ್ಲರ ಮುಂದೆ ಜೋರಾಗಿ ಏನು ತೊಂದ್ರೆ ಅಂತ ಕೇಳಿದ್ರು, ಹಿಂದೆ ನನ್ನ ಕ್ಲಾಸಿನವರೇ ನಿಂತಿದ್ರು, ನಾಚಿಕೆಯಾಗಿ ತಲೆನೋವು ಅಂದ್ಬಿಟ್ಟೆ. ಒಳಗೆ ಡಾಕ್ಟರ್ ಹತ್ರನೂ ಅದನ್ನೇ ಹೇಳಿದೆ. ಅವರು ಮೂರು ದಿನಕ್ಕೆ ಕೊಟ್ಟ ನೋವಿನ ಮಾತ್ರೆನ ನಾನೇ ತಂದ್ಕೊಂಡು ಈಗ್ಲೂ ದಿನಾ ನುಂಗ್ತಿದ್ದೀನಿ, ಈಗ ನಿಜವಾಗ್ಲೂ ದಿನಾ ತಲೆನೋವು. ನಿದ್ದೆಗೆ ಒಮ್ಮೊಮ್ಮೆ ರೂಮ್‌ಮೇಟ್ ಮಾತ್ರೆ ಅರ್ಧ ತಗೋತೀನಿ. ನಿಜ ಹೇಳಿದ್ರೆ ವಾರ್ಡನ್‌ಗೆ, ಮನೆಗೆ ಗೊತ್ತಾಗುತ್ತೆ ಅಂತ ಭಯ.

ಉತ್ತರ: ಮೊದ್ಲು ಆ ಕೌಂಟರ್ ವಿಷಯ. ಅಲ್ಲಿ ತಪ್ಪು ನಿಮ್ಮದಲ್ಲ. ಹತ್ತು ಜನರ ಮುಂದೆ ಕಾಯಿಲೆ ಕೇಳೋ ಹಾಗೇ ಇಲ್ಲ, "ಡಾಕ್ಟರ್ ಹತ್ರ ಮಾತ್ರ ಹೇಳ್ತೀನಿ" ಅಂತ ಅನ್ನೋ ಹಕ್ಕು ನಿಮಗಿದೆ, ಅಷ್ಟಂದ್ರೆ ಸಾಕು, ಯಾಕೆ ಅಂತ ವಿವರಿಸಬೇಕಾಗಿಲ್ಲ. ಮನಸ್ಸಿಗೆ ನೋವಾಗಿದ್ರೆ ಸೆಂಟರ್ ನೋಡ್ಕೊಳ್ಳೋರಿಗೆ ಒಂದು ಪತ್ರನೂ ಬರೀರಿ, ನಿಮ್ಮ ಹಿಂದೆ ಬರೋ ಹುಡುಗೀರಿಗಾದ್ರೂ ಅನುಕೂಲ ಆಗುತ್ತೆ.

ಒಳಗೆ ಹೇಳಿದ ಮಾತು ಒಳಗೇ ಇರಬೇಕು. ರೋಗಿ ನಂಬಿ ಹೇಳಿದ ಗುಟ್ಟು ಕಾಪಾಡ್ತೀನಿ ಅನ್ನೋದು ವಿಶ್ವ ವೈದ್ಯ ಸಂಘದವರು 1948ರಲ್ಲಿ ಜಿನೀವಾದಲ್ಲಿ ಒಪ್ಪಿಕೊಂಡ ಪ್ರತಿಜ್ಞೆಯಲ್ಲೇ ಇದೆ. ಕಾಲೇಜು ಸಂಬಳ ಕೊಡೋ ಡಾಕ್ಟರ್ ಆದ್ರೂ ಅವರು ನಿಮ್ಮ ಡಾಕ್ಟರೇ, ವಾರ್ಡನ್ ಬಂದು ಕೇಳಿದ್ರೂ ನಿಮ್ಮ ಒಪ್ಪಿಗೆ ಇಲ್ದೆ ಹೇಳಬಾರದು. ಆದ್ರೆ ಇದಕ್ಕೂ ಮಿತಿ ಇದೆ, ಅದನ್ನ ನಿಮ್ಮಿಂದ ಮುಚ್ಚಿಡಲ್ಲ. ನಿಮ್ಮ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಅಪಾಯ ಅಂತ ಅನ್ನಿಸಿದ್ರೆ, ಕೋರ್ಟ್ ಆದೇಶ ಬಂದ್ರೆ, ಸರ್ಕಾರಕ್ಕೆ ತಿಳಿಸಲೇಬೇಕಾದ ಅಂಟುರೋಗ ಆದ್ರೆ, ಎಷ್ಟು ಬೇಕೋ ಅಷ್ಟನ್ನ ಬೇಕಾದವರಿಗೆ ಹೇಳಬಹುದು. ಅಳು ಬರುತ್ತೆ ಅನ್ನೋದು ಈ ಪಟ್ಟಿಗೆ ಬರಲ್ಲ. ಅಕಸ್ಮಾತ್ ಬದುಕೇ ಬೇಡ ಅನ್ನಿಸ್ತಿದ್ರೆ ಮಾತ್ರ ಗುಟ್ಟಿನ ಲೆಕ್ಕ ಹಾಕ್ತಾ ಕೂರಬೇಡಿ, ಇವತ್ತೇ ಯಾರಿಗಾದ್ರೂ ಹೇಳಿ.

ಗುಟ್ಟು ಡಾಕ್ಟರ್ ಬಾಯಿಂದಲೇ ಹೊರಗೆ ಹೋಗಬೇಕು ಅಂತೇನಿಲ್ಲ, ಕಾಗದದಿಂದಲೂ ಹೋಗುತ್ತೆ. ಅಪ್ಪ ಅಮ್ಮನ ಇನ್ಶೂರೆನ್ಸಲ್ಲಿ ನೀವಿದ್ರೆ ಬಿಲ್ಲಿನ ವಿವರ ಮನೆಗೆ ಹೋಗುತ್ತಾ ಅಂತ ಮೊದ್ಲೇ ಕೇಳ್ಕೊಳ್ಳಿ. ರಜೆಗೆ ಸರ್ಟಿಫಿಕೇಟ್ ಬೇಕಾದ್ರೆ ಕಾಯಿಲೆ ಹೆಸರು ಬರೀದೆ ಇಷ್ಟು ದಿನ ರೆಸ್ಟ್ ಬೇಕು ಅಂತ ಮಾತ್ರ ಬರೆಯೋಕಾಗುತ್ತಾ ಅಂತಾನೂ ಕೇಳಿ.

ಈಗ ನಿಮ್ಮ ಕಡೆಯ ಮಾತು. ನೀವು ತಲೆನೋವು ಅಂದ್ರಿ, ಅವರು ತಲೆನೋವಿಗೆ ಕೊಟ್ರು, ಅವರಾದ್ರೂ ಏನು ಮಾಡ್ತಾರೆ ಹೇಳಿ. ಸಾಮಾನ್ಯ ನೋವಿನ ಮಾತ್ರೆನ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳಿಗೂ ಮೀರಿ ತಗೊಂಡ್ರೆ ಕೆಲವರಿಗೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗುತ್ತೆ, ನೋವು ಅಂತ ಮಾತ್ರೆ, ಮಾತ್ರೆಯಿಂದ ಮತ್ತೆ ನೋವು. ನಿಮಗೆ ಆಗಿರೋದು ಅದೇ ಇರಬಹುದು ಅಂತ ನನಗೆ ಬಲವಾದ ಅನುಮಾನ. ಬಿಟ್ಟಾಗ ಮೊದಲ ಕೆಲವು ದಿನ ನೋವು ಇನ್ನೂ ಏರಬಹುದು, ಅದಕ್ಕೇ ಡಾಕ್ಟರ್‌ಗೆ ಹೇಳಿ ಬಿಡಿ. ನಿದ್ದೆ ಇಲ್ಲ, ಎದೆ ಡವಡವ ಅನ್ನೋದು ಆತಂಕದಿಂದ ಆಗುತ್ತೆ ನಿಜ, ಥೈರಾಯ್ಡ್ ಜಾಸ್ತಿಯಾದ್ರೂ ಹಾಗೇ ಆಗುತ್ತೆ, ಒಂದು ರಕ್ತ ಪರೀಕ್ಷೆ ಮಾಡಿದ್ರೆ ಗೊತ್ತಾಗೋ ವಿಷಯ, ಆದ್ರೆ ನೀವು ಹೇಳದೆ ಆ ಪರೀಕ್ಷೆ ಬರೆಯೋಕೆ ಅವರಿಗೆ ಹೇಗೆ ಹೊಳೀಬೇಕು? ರೂಮ್‌ಮೇಟ್ ಮಾತ್ರೆ ಮಾತ್ರ ಇವತ್ತಿಂದ ಬೇಡ. ಅದು ಅವಳ ಕಾಯಿಲೆಗೆ, ಅವಳ ಮೈಗೆ ಅಂತ ನೋಡಿ ಬರೆದದ್ದು. ದಿನಾ ತಗೊಳ್ಳೋ ಮಟ್ಟಕ್ಕೆ ಬಂದಿದ್ರೆ ಮಾತ್ರ ದಿಢೀರ್ ಬಿಡೋ ಮುಂಚೆ ಡಾಕ್ಟರನ್ನ ಕೇಳಿ.

ಪ್ರಶ್ನೆ: ನಮ್ಮ ಹೆಲ್ತ್ ಸೆಂಟರಲ್ಲಿ ಪರೀಕ್ಷೆ ಮಾಡುವಾಗ ಮೆಡಿಕಲ್ ವಿದ್ಯಾರ್ಥಿಗಳು ಸುತ್ತ ನಿಂತು ನೋಡ್ತಾರೆ, ಬೇಡ ಅನ್ನಬಹುದಾ?

ಉತ್ತರ: ಅನ್ನಬಹುದು. ಬೋಧನೆಗೆ, ಸಂಶೋಧನೆಗೆ ಒಪ್ಪದೇ ಇರೋದು ರೋಗಿಯ ಹಕ್ಕು, ವಿಶ್ವ ವೈದ್ಯ ಸಂಘ 1981ರಲ್ಲಿ ಮಾಡಿದ ಲಿಸ್ಬನ್ ಘೋಷಣೆಯಲ್ಲೂ ಅದಿದೆ. ಬೇಡ ಅಂದಿದ್ದಕ್ಕೆ ಚಿಕಿತ್ಸೆ ಕಮ್ಮಿ ಮಾಡೋ ಹಾಗಿಲ್ಲ. ಒಬ್ಬರು ಇರಲಿ, ಉಳಿದವರು ಹೊರಗಿರಲಿ ಅಂತ ಹೇಳಿದ್ರೂ ನಡೆಯುತ್ತೆ.

ಮೊದಲನೇ ಪತ್ರ ಬರೆದವರಿಗೆ ಇನ್ನೊಂದು ಮಾತು: ಬಾಯಿ ಬಿಟ್ಟು ಹೇಳೋಕೆ ಆಗ್ತಿಲ್ಲ ಅಂದ್ರೆ ನನಗೆ ಬರೆದದ್ದನ್ನೇ ಒಂದು ಚೀಟೀಲಿ ಬರೆದು ಡಾಕ್ಟರ್ ಕೈಗೆ ಕೊಡಿ, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಮಾತ್ರೆ ಅಂತಾನೂ ಅದ್ರಲ್ಲಿರಲಿ, ಮಾತ್ರೆ ಶೀಟುಗಳನ್ನೂ ಜೊತೆಗೆ ತಗೊಂಡು ಹೋಗಿ.