ಮೊದಲ ಎರಡು ಪುಟ ತೆಗೆದುಬಿಡಿ

ಮೇಡಂ, ನಮಸ್ಕಾರ.

ಪೀಣ್ಯದ ಕಾರ್ಖಾನೆಗಳ ಪರ್ಚೇಸ್ ವಿಭಾಗದವರಿಗೆ ಇಂಗ್ಲಿಷ್ ಕಲಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳೋಕೆ ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಇಂಗ್ಲಿಷ್ ಜಾಗತಿಕ ಭಾಷೆ, ಸಂವಹನವೇ ಯಶಸ್ಸಿನ ಕೀಲಿಕೈ ಅಂತೆಲ್ಲ ಮೊದಲ ಎರಡು ಪುಟ ಇದೆಯಲ್ಲ, ಅದು ಬೇಡ. ಲೇಖನ ನಿಜಕ್ಕೂ ಶುರುವಾಗುವುದು ಮೂರನೇ ಪುಟದಲ್ಲಿ. ನಿಮ್ಮ ವಿದ್ಯಾರ್ಥಿ ಚೀನಾದ ಸಪ್ಲೈಯರ್‌ಗೆ 'ಪ್ಲೀಸ್ ಗಿವ್ ಬೆಸ್ಟ್ ಪ್ರೈಸ್' ಅಂತ ಮೇಲ್ ಹಾಕುತ್ತಾನೆ. ನೀವು ವ್ಯಾಕರಣ ತಿದ್ದಿ, ಒಂದು 'ಕೈಂಡ್ಲಿ' ಸೇರಿಸಿ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಎಷ್ಟು ಪೀಸ್, ಯಾವಾಗ ಬೇಕು, ದುಡ್ಡು ಯಾವಾಗ ಅನ್ನೋದು ಏನೂ ಇಲ್ಲದೆ ಸುಮ್ನೆ ರೇಟ್ ಇಳಿಸಿ ಅಂದರೆ ಯಾರು ಇಳಿಸುತ್ತಾರೆ?

ಕೆ.ಆರ್. ಮಾರ್ಕೆಟ್‌ನಲ್ಲಿ 'ಐದು ಕೆಜಿ ತಗೊಂಡ್ರೆ ಎಷ್ಟಕ್ಕೆ ಕೊಡ್ತೀರಾ?' ಅಂತ ಕೇಳೋದು ಆ ಹುಡುಗನಿಗೆ ಚೆನ್ನಾಗಿ ಬರುತ್ತದೆ. ಅದೇ ವರಸೆ ಮೇಲ್‌ಗೂ ಬರಬೇಕು. ಆರ್ಡರ್ 2,000ದಿಂದ 5,000ಕ್ಕೆ ಏರಿಸಿದರೆ ರೇಟ್ ಎಷ್ಟು? 30 ಪರ್ಸೆಂಟ್ ಅಡ್ವಾನ್ಸ್ ಕೊಟ್ಟರೆ? 'ವಿ ವಿಲ್ ಪೇ ಅಡ್ವಾನ್ಸ್' ಅಂದರೆ ಮಾತು ಕೊಟ್ಟ ಹಾಗಾಯಿತು. 'ವಿ ಕುಡ್ ಪೇ ಅಡ್ವಾನ್ಸ್, ಇಫ್...' ಅಂದರೆ ಇನ್ನೂ ಜಗ್ಗಾಡೋಕೆ ಜಾಗ ಇರುತ್ತದೆ. ನೀವು ಇವೆರಡರ ವ್ಯತ್ಯಾಸವನ್ನು ಬರೀ ವಿನಯಕ್ಕೆ ಸೇರಿಸಿದ್ದೀರಿ.

ಒಂದು ಕಡೆ ದುಬಾರಿ ತಪ್ಪಾಗಿದೆ. 'ಸಿಐಎಫ್ ಚೆನ್ನೈ' (ಚೆನ್ನೈವರೆಗಿನ ಹಡಗಿನ ಬಾಡಿಗೆ, ವಿಮೆ ಸೇರಿದ ರೇಟ್) ಅಂದರೆ ಸರಕು ಚೆನ್ನೈ ಮುಟ್ಟುವವರೆಗೂ ಮಾರುವವರದ್ದೇ ಹೊಣೆ ಅಂತ ಬರೆದಿದ್ದೀರಿ. ಹಡಗಿನ ಬಾಡಿಗೆ, ವಿಮೆ ಮಾರುವವರು ಕಟ್ಟುತ್ತಾರೆ, ನಿಜ. ಆದರೆ ಇನ್‌ಕೋಟರ್ಮ್ಸ್ 2020ರ (ದೇಶ ದೇಶಗಳ ನಡುವಿನ ವ್ಯಾಪಾರದ ಷರತ್ತುಗಳ ನಿಯಮಾವಳಿ) ಪ್ರಕಾರ ಸರಕು ಶಾಂಘೈನಲ್ಲಿ ಹಡಗು ಹತ್ತಿದ ಮೇಲೆ ನಷ್ಟದ ಹೊಣೆ ಕೊಳ್ಳುವವರದ್ದು. ಬೇರೆ ಒಪ್ಪಂದ ಇಲ್ಲದಿದ್ದರೆ ವಿಮೆಯೂ ಕನಿಷ್ಠ ಮಟ್ಟದ್ದು ಸಾಕು. ಸಮುದ್ರದ ನೀರು ಕಂಟೇನರ್‌ಗೆ ನುಗ್ಗಿ ಬೇರಿಂಗ್ ತುಕ್ಕು ಹಿಡಿದರೆ ಆ ವಿಮೆ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ಇನ್‌ಕೋಟರ್ಮ್ಸ್‌ನ 11 ನಿಯಮಗಳನ್ನೂ ಕಲಿಸಬೇಕಿಲ್ಲ, ಕಲಿಸುವ ನಾಲ್ಕೈದು ಸರಿಯಿರಲಿ.

ಇನ್ನು ಹೊಸೂರಿನ ಸಣ್ಣ ಸಪ್ಲೈಯರ್ ಹತ್ತಿರ 90 ದಿನದ ಕ್ರೆಡಿಟ್ ಕೇಳುವ ಮಾದರಿ ಸಂಭಾಷಣೆ. ಪರ್ಚೇಸ್‌ನವರು ಇದನ್ನು ಓದಿ ನಗುತ್ತಾರೆ. ನೋಂದಾಯಿತ ಸಣ್ಣ ಘಟಕಕ್ಕೆ, ಬರಹದಲ್ಲಿ ಒಪ್ಪಂದ ಇದ್ದರೂ, 45 ದಿನದೊಳಗೆ ಪೇಮೆಂಟ್ ಆಗಬೇಕು ಅನ್ನುತ್ತದೆ ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ. ತಡವಾದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಲ್ಲದೆ ಪೀಣ್ಯದಿಂದ ಹೊಸೂರಿಗೆ ಫೋನ್ ಮಾಡಿದವರು ಅಷ್ಟು ಅಚ್ಚುಕಟ್ಟಾದ ಇಂಗ್ಲಿಷ್ ಎಲ್ಲಿ ಮಾತಾಡುತ್ತಾರೆ? ಕನ್ನಡ, ತಮಿಳು, ಇಂಗ್ಲಿಷ್ ಬೆರೆಸಿಯೇ ರೇಟ್ ಮುಗಿಸುತ್ತಾರೆ. ಇಂಗ್ಲಿಷ್ ಬೇಕಾಗುವುದು ಆಮೇಲೆ, ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆದಿಡುವಾಗ. '30 ದಿನ' ಅಂದರೆ ಇನ್‌ವಾಯ್ಸ್ ತಾರೀಖಿನಿಂದಲೋ, ಮಾಲು ಗೇಟಿಗೆ ಬಂದ ದಿನದಿಂದಲೋ? ಜಗಳ ಜಾಸ್ತಿ ಆಗೋದು ಇಲ್ಲೇ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ನಿಮ್ಮ ಕ್ಲಾಸಿಗೆ ಬರುವವರಲ್ಲಿ ಒಬ್ಬರನ್ನು ಕೇಳಿ, ಕೊಟೇಶನ್‌ನಿಂದ ಪಿಒ (ಪರ್ಚೇಸ್ ಆರ್ಡರ್) ತನಕದ ಒಂದು ವ್ಯವಹಾರದ ಮೇಲ್‌ಗಳನ್ನು ತರಿಸಿಕೊಳ್ಳಿ. ಕಂಪನಿ ಹೆಸರು, ನಿಜವಾದ ರೇಟ್ ಅಳಿಸಿ. ಅವರು ಎಲ್ಲಿ ತಡವರಿಸಿದರು, ನೀವು ಏನು ಹೇಳಿಕೊಟ್ಟಿರಿ, ಸಪ್ಲೈಯರ್ ಏನು ಉತ್ತರಿಸಿದರು, ಇಷ್ಟೇ ಬರೆಯಿರಿ. ಸಾವಿರ ಪದ ಸಾಕು. ಕಳಿಸುವ ಮೊದಲು ಆ ವಿದ್ಯಾರ್ಥಿಯ ಒಪ್ಪಿಗೆ ಕೇಳಿಬಿಡಿ.