ನೌಕರಿ ಬಿಟ್ಟು ಸಲಹೆಗಾರ ಆಗಲೇ?

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಸಂಬಳ ಚೆನ್ನಾಗಿದೆ. ಆದರೆ ದಿನವಿಡೀ ಮೀಟಿಂಗು, ಸ್ಲೈಡು. ಇದರಿಂದ ಯಾರಿಗೆ ಏನು ಉಪಯೋಗವಾಯಿತು ಅಂತ ಗೊತ್ತಾಗುವುದಿಲ್ಲ. ಅಕ್ಕ ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಘಟಕ ನಡೆಸುತ್ತಾಳೆ. ಭಾನುವಾರ ಫೋನಿನಲ್ಲೇ ಅವಳ ಲೆಕ್ಕ ನೋಡಿಕೊಡುತ್ತೇನೆ. ವಾರದಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಕೆಲಸ ಅದೊಂದೇ. ನೌಕರಿ ಬಿಟ್ಟು, ಬೆಳೆಯುತ್ತಿರುವ ಇಂಥ ಸಣ್ಣ ಉದ್ಯಮಗಳಿಗೆ ಸಲಹೆಗಾರನಾಗುವ ಆಸೆ. ಮನೆ ಸಾಲ ಇನ್ನೂ ಇದೆ, ಮಗಳು ಎಂಟನೇ ಕ್ಲಾಸು. ಸಣ್ಣವರ ಹತ್ತಿರ ಫೀಸು ಕೇಳಲೂ ಸಂಕೋಚ. ಏನು ಮಾಡಲಿ?
— ಹೆಸರು ಬೇಡ, ರಾಜಾಜಿನಗರ

ಉತ್ತರ: ನಾನು ಬ್ಯಾಂಕಿನಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಫೈಲು ನೋಡುತ್ತಿದ್ದವಳು. ಸಾಲ ಮಂಜೂರಾದ ಮೇಲೆ ಆ ಶೆಡ್ಡಿನಲ್ಲಿ ಏನು ನಡೆಯಿತು ಅಂತ ತಿಳಿಯುತ್ತಿರಲಿಲ್ಲ. ಕಂತು ತಪ್ಪಿದಾಗ ಮಾತ್ರ ಆ ಹೆಸರು ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ಬಿಟ್ಟು ಬಂದೆ. ಹಾಗಾಗಿ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ರಾಜೀನಾಮೆ ಈಗಲೇ ಬೇಡ.

ಸಲಹೆಗಾರರಾದ ಮೇಲೂ ಸ್ಲೈಡು ಮಾಡುತ್ತಾ ಕೂರಬಹುದು. ಅಂಥವರು ಬೇಕಾದಷ್ಟು ಜನ ಇದ್ದಾರೆ. ಬೆಳೆಯುತ್ತಿರುವ ಉದ್ಯಮಕ್ಕೆ ಬೇಕಾಗಿರುವುದು ಬೇರೆ. ಅಕ್ಕನ ಘಟಕವನ್ನೇ ತೆಗೆದುಕೊಳ್ಳಿ. ಅಂಕಿ ನಾನು ಸುಮ್ನೆ ಉದಾಹರಣೆಗೆ ಇಡುತ್ತೇನೆ. ತಿಂಗಳಿಗೆ 2 ಲಕ್ಷದ ರೊಟ್ಟಿ ಹೋಗುತ್ತದೆ, ಖರ್ಚು 1.70 ಲಕ್ಷ. ಜೋಳಕ್ಕೆ ನಗದು, ರೊಟ್ಟಿ ಬಡಿಯುವವರಿಗೆ ವಾರದ ಬಟವಾಡೆ. ಸೂಪರ್‌ಮಾರ್ಕೆಟ್‌ನವರು ಕೊಡುವುದು 60 ದಿನ ಬಿಟ್ಟು. ಅಂದರೆ ಅಕ್ಕನ 3.40 ಲಕ್ಷ ಯಾವಾಗಲೂ ಹೊರಗೇ ಇರುತ್ತದೆ. ಈಗ ಆರ್ಡರ್ 4 ಲಕ್ಷಕ್ಕೆ ಏರಿತು ಅನ್ನಿ. ಲಾಭ 30 ಸಾವಿರದಿಂದ 60 ಸಾವಿರ. ಮನೆಯವರಿಗೆಲ್ಲ ಖುಷಿ. ಆದರೆ ಹೊರಗೆ ಸಿಕ್ಕಿಕೊಳ್ಳುವ ದುಡ್ಡು 6.80 ಲಕ್ಷ! ಹೆಚ್ಚಿನ 3.40 ಲಕ್ಷ ಎಲ್ಲಿಂದ ಬರಬೇಕು? ತಿಂಗಳ ಆ 60 ಸಾವಿರ ಲಾಭ ಪೂರ್ತಿ ಹಾಕಿದರೂ ಸುಮಾರು ಆರು ತಿಂಗಳು ಬೇಕು.

ಧಾರವಾಡದ ಕಡೆ ಇಂಥದೇ ಒಂದು ಘಟಕ ನೋಡಿದ್ದೇನೆ. ಗೋಡೆಯುದ್ದಕ್ಕೂ ಕಡಕ್ ರೊಟ್ಟಿಯ ಡಬ್ಬಿಗಳು, ಎಲ್ಲದರ ಮೇಲೂ ಆರ್ಡರ್ ಚೀಟಿ. ಶನಿವಾರ ಮಧ್ಯಾಹ್ನ ಮಾಲೀಕರಾಕೆ ಬಳೆ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಅಡವಿಡಲು ಹೊರಟಿದ್ದರು. ಸಂಜೆ ಬಟವಾಡೆ ಆಗಬೇಕಿತ್ತು. ವ್ಯಾಪಾರ ಸೋತು ಬಂದ ಕಷ್ಟವಲ್ಲ ಅದು, ಬೆಳೆದು ಬಂದದ್ದು.

ಇಲ್ಲಿ ಕಾನೂನು ಹೇಳಿ ಎದ್ದು ಬರುವುದು ಸುಲಭ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಬರಹದ ಕರಾರು ಇದ್ದರೂ ಬಾಕಿ 45 ದಿನ ದಾಟುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಅಕ್ಕ ಉದ್ಯಮ್ ನೋಂದಣಿ, ಅಂದರೆ ಇಂಥ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ, ಮಾಡಿಸಿದ್ದಾರಾ ಕೇಳಿ. ಅದಕ್ಕೆ ಶುಲ್ಕವಿಲ್ಲ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಆದರೆ ದೂರು ಕೊಟ್ಟರೆ ಮುಂದಿನ ಆರ್ಡರೇ ನಿಂತರೆ? ಈ ಭಯ ಸುಳ್ಳಲ್ಲ. ಹಾಗಾಗಿ ಅಕ್ಕನ ಜೊತೆ ಸೂಪರ್‌ಮಾರ್ಕೆಟ್‌ನ ಖರೀದಿ ಮ್ಯಾನೇಜರ್ ಎದುರು ಕೂತು 60 ದಿನವನ್ನು 30ಕ್ಕೆ ಇಳಿಸಲು ಮಾತಾಡಬೇಕು. ಒಪ್ಪದಿದ್ದರೆ ಅರ್ಧ ಆರ್ಡರ್ ಬೇಡ ಅನ್ನಬೇಕು. ಹಾಗೆ ಅಂದ ಮೇಲೆ ಮುಂದಿನ ಶನಿವಾರ ಹೇಗೆ ಕಳೆಯಿತು ಅಂತ ನೀವೇ ಹೋಗಿ ನೋಡಬೇಕು. ನೀವು ಹುಡುಕುತ್ತಿರುವ ಅರ್ಥ ಈ ಹೊಣೆಯಲ್ಲಿದೆ ಅಂತ ನಾನು ಬಲವಾಗಿ ನಂಬುತ್ತೇನೆ.

ಫೀಸು ಖಂಡಿತ ಕೇಳಿ. ತಿಂಗಳಿಗೆ ಇಷ್ಟು ಅಂತ ಮೊದಲೇ ಹೇಳಿಬಿಡಿ. ಸಾಲ ಕೊಡಿಸಿದರೆ ಶೇಕಡಾ ಇಷ್ಟು ಅನ್ನುವ ಕಮಿಷನ್ ಮಾತ್ರ ಮುಟ್ಟಬೇಡಿ. ಅದು ಒಳಗೆ ಬಂತು ಅಂದರೆ, ಸಾಲವೇ ಬೇಡದವರಿಗೂ ಸಾಲ ಮಾಡಿ ಅಂತ ನಿಮ್ಮ ಬಾಯಲ್ಲೇ ಬರುತ್ತದೆ.

ನೇಮಕಾತಿ ಪತ್ರ ತೆಗೆದು ಓದಿ, ಹೊರಗಿನ ಸಂಪಾದನೆಗೆ ಅನುಮತಿ ಇದೆಯಾ ನೋಡಿ. ಇಲ್ಲದಿದ್ದರೆ ಸದ್ಯಕ್ಕೆ ಫೀಸು ಇಲ್ಲದೆಯೇ ಮಾಡಿ. ಒಂದು ವರ್ಷದ ಮನೆ ಖರ್ಚು, ಕಂತು, ಮಗಳ ಶಾಲೆ ಶುಲ್ಕ ಬೇರೆ ಖಾತೆಗೆ ಹಾಕಿ. ಹೆಂಡತಿಯ ವಿಷಯ ನೀವು ಬರೆದೇ ಇಲ್ಲ. ಈ ಲೆಕ್ಕಕ್ಕೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಕ್ಕ ನಿಮ್ಮ ಮಾತು ಕೇಳುವುದು ತಮ್ಮ ಅಂತಲೂ ಇರಬಹುದು, ಅಲ್ವಾ? ಹಾಗಾಗಿ ಸಂಬಂಧಿಕರಲ್ಲದ ಇಬ್ಬರನ್ನು ಹುಡುಕಿ. ಪೀಣ್ಯ ಕೈಗಾರಿಕಾ ಪ್ರದೇಶ ನಿಮಗೆ ಹತ್ತಿರವೇ ಇದೆ. ಶನಿವಾರಗಳನ್ನು ಅವರ ಶೆಡ್ಡಿನಲ್ಲಿ ಕಳೆಯಿರಿ. ಆ ಇಬ್ಬರಲ್ಲಿ ಒಬ್ಬರಾದರೂ ಮತ್ತೆ ತಾವಾಗಿ ಫೋನ್ ಮಾಡಿ ಕರೆದರೆ ನನಗೆ ಬರೆಯಿರಿ. ಆಗ ರಾಜೀನಾಮೆಯ ಮಾತಾಡೋಣ.